ಇಪ್ಪತ್ತಮೂರನೇ ನಂಬರಿನ ಚೀಟಿ

"ಕೈ ಇನ್ನೂ ಕೆಳಗೆ ಹಿಡಿಯೇ, ಬೇವರ್ಸಿ. ನಿನ್ನ ಬೆರಳು ತಾಗಿದ್ರೆ ಈ ಮಳೆಯಲ್ಲಿ ನಾನು ಪುನಃ ಮೀಯಬೇಕಾ?"

ಚಂದ್ರಾವತಿ ಬೊಗಸೆಯನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿದಳು. ದವಾಖಾನೆಯ ಕಿಟಕಿಯಿಂದ ಕಾಂಪೌಂಡರ್ ದಾಮೋದರ ಬಿಳಿ ಮಾತ್ರೆಗಳನ್ನು ಒಂದೊಂದಾಗಿ ಮೇಲಿನಿಂದ ಬಿಟ್ಟ. ಹತ್ತು ಬೊಗಸೆಗೆ ಬಿದ್ದವು, ಎರಡು ಕೆಸರಿಗೆ. ಕೆಸರಿಗೆ ಬಿದ್ದವನ್ನು ಹೆಕ್ಕಿ ಸೆರಗಿಗೆ ಒರೆಸಿಕೊಂಡಳು.

"ಅಚ್ಯುತ ಹೇಗಿದ್ದಾನೆ?" ಅಂತ ದಾಮೋದರ ಕೇಳಿದ.

"ಇದ್ದಾನೆ," ಅಂದಳು. "ಬೆಳಿಗ್ಗೆ ಸ್ವಲ್ಪ ಉಸಿರಿನ ಎಳೆತ ಜಾಸ್ತಿ."

"ಮಾತ್ರೆ ಸರಿ ನುಂಗ್ಲಿಕ್ಕೆ ಹೇಳು."

ಹಾಗಂದವನು ಇಪ್ಪತ್ತಮೂರನೇ ನಂಬರಿನ ಚೀಟಿಯ ಮೇಲೆ ಒಂದು ಗೀಟು ಎಳೆದು ಅವಳ ಕಡೆಗೆ ಎಸೆದ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಜೊತೆ ಕೆಲಸದ ಅಚ್ಯುತ ಸತ್ತು ಒಂಬತ್ತು ದಿನವಾಗಿತ್ತು. ಸತ್ತ ಸುದ್ದಿ ಕಂಪೆನಿಗೆ ಗೊತ್ತಾಗದ ಹಾಗೆ ನೋಡಿಕೊಂಡದ್ದು ಕೂಲಿಗಳ ಗುಡಿಸಲು ಲೈನಿನವರೆಲ್ಲ ಸೇರಿಯೇ. ಆದರೆ ಪೆರಿಯಾರ್ ಹೊಳೆಯ ದಂಡೆಯಲ್ಲಿ ಸುಡುವಾಗ ಹತ್ತು ಮಾರು ದೂರದಲ್ಲಿ, ಮೂಗಿಗೆ ಕರ್ಚೀಫು ಹಿಡಿದುಕೊಂಡು ಇದೇ ದಾಮೋದರ ನಿಂತಿದ್ದ. ಅವಳು ಅವನನ್ನು ನೋಡಿದ್ದಳು. ಅವಳು ನೋಡಿದ್ದು ಅವನಿಗೂ ಗೊತ್ತಿತ್ತು. ಈಗ ಇಬ್ಬರೂ ಸತ್ತವನ ಎಳೆತದ ಬಗ್ಗೆ ಕಾಳಜಿಯಿಂದ ಮಾತಾಡಿ ಮುಗಿಸಿದ್ದರು.

ಲೈನಿಗೆ ವಾಪಸು ಬರುವ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಹುಳ. ಮಲಯಾಳದ ಈ ಏಲೂರಿಗೆ ಬಂದು ಎಂಟು ವರ್ಷ, ಇಲ್ಲಿ ಅವಳ ಜಾತಿ ಯಾವುದೆಂದು ಮಲಯಾಳಿಗಳು ಯಾರೂ ಕೇಳಿರಲಿಲ್ಲ. ದಾಮೋದರ ಮಾತ್ರ ಅವಳ ಊರ ಕಡೆಯ ಕುಂಬಳೆಯವನು, ಕೇಳುವ ಅಗತ್ಯ ಅವನಿಗಿರಲಿಲ್ಲ. ಊರಿನ ಮಡಿಯನ್ನು ಅವನು ಹಾಸಿಗೆಯ ಜೊತೆಗೇ ಸುತ್ತಿ ತಂದಿದ್ದ. ಅಂಥವನು ಸತ್ತವನ ಹೆಸರಿಗೆ ಹನ್ನೆರಡು ಮಾತ್ರೆ ಕೊಡುತ್ತಾನೆಂದರೆ ಅದು ಮರುಕವಲ್ಲ ಎಂದು ಅವಳಿಗೆ ಖಾತ್ರಿಯಿತ್ತು. ಹಾಗಾದರೆ ಮತ್ತೇನು ಎಂಬುದು ಗೊತ್ತಾಗಲಿಲ್ಲ.

ಅವರು ದುಡಿಯುವುದು ಹಿಂಡಿ ಕಂಪೆನಿಯಲ್ಲಿ. ಹರಳೆಣ್ಣೆ ತೆಗೆದುಳಿದ ಬೀಜದ ಹಿಂಡಿಯನ್ನು ಹಡಗಿನ ಲೆಕ್ಕದಲ್ಲಿ ತಂದು, ಮಿಲ್ಲಿನಲ್ಲಿ ಪುಡಿ ಮಾಡಿ, ಗೊಬ್ಬರವೆಂದು ಚೀಲ ತುಂಬುವ ಕೆಲಸ. ಪುಡಿಯ ಧೂಳು ಹಿಟ್ಟಿಗಿಂತ ನಯ. ರೆಪ್ಪೆಯ ಮೇಲೆ ಕೂರುತ್ತದೆ, ಅನ್ನದ ಮೇಲೆ ಕೂರುತ್ತದೆ, ಎದೆಯೊಳಗೆ ಹೋಗಿ ಕೂತರೆ ಏಳುವುದಿಲ್ಲ. ಕಾಸರಗೋಡಿನ ಆಚೀಚೆಯ ಕೇರಿಗಳಿಂದ ಉಪೇಂದ್ರನೆಂಬ ಕಂಟ್ರಾಕ್ಟರು ರೈಲು ಹತ್ತಿಸಿ ತಂದ ಇನ್ನೂರು ಮಂದಿ ಅದರಲ್ಲಿ ಇದ್ದರು. ಆಚೆಯ ದೊಡ್ಡ ಕಾರ್ಖಾನೆಗಳಲ್ಲಿ ಯೂನಿಯನ್ನಿನ ಕೆಂಪು ಬಾವುಟಗಳಿದ್ದವು. ಹಿಂಡಿ ಕಂಪೆನಿಯ ಗೇಟಿನಲ್ಲಿ ಉಪೇಂದ್ರನ ಸ್ಕೂಟರು ಇತ್ತು.

ಅರವತ್ತೊಂಬತ್ತರಲ್ಲಿ ಒಮ್ಮೆ ಇವರೂ ಕೆಲಸ ನಿಲ್ಲಿಸಿದ್ದರು. ಒಂದೇ ವಾರದಲ್ಲಿ ಇಬ್ಬರು ದಮ್ಮು ಕಟ್ಟಿ ಸತ್ತದ್ದೇ ಕಾರಣ, ಅವರಲ್ಲೊಬ್ಬ ಚಂದ್ರಾವತಿಯ ಗಂಡ ಮೋಹನ. ಎಂಟು ದಿನದ ನಂತರ ಕಂಪೆನಿ ಬಗ್ಗಿತು. ಆಗ ದಮ್ಮು ಹಿಡಿದಿದ್ದ ಅರವತ್ತೊಂದು ಮಂದಿಗೆ ನಂಬರಿನ ಚೀಟಿ ಸಿಕ್ಕಿತು. ಚೀಟಿ ಇದ್ದವರಿಗೆ ಹಗುರ ಕೆಲಸ, ಬದುಕಿರುವವರೆಗೆ ಮಾತ್ರೆ. ಎಲ್ಲರೂ ಬೆಲ್ಲ ಹಂಚಿ ತಿಂದರು. ಒಪ್ಪಂದದ ಕೊನೆಯಲ್ಲಿ ಇನ್ನೊಂದು ಸಾಲು ಇದ್ದದ್ದು ಬೆಲ್ಲ ಕರಗಿದ ಮೇಲೆ ತಿಳಿಯಿತು: ಇನ್ನು ಮುಂದೆ ಯಾರಿಗಾದರೂ ಹೊಸದಾಗಿ ಅಸ್ತಮಾ ಕಂಡರೆ, ಅವರ ಒಳ್ಳೆಯದಕ್ಕಾಗಿಯೇ, ಧೂಳಿನ ಕೆಲಸದಿಂದ ಬಿಡಿಸತಕ್ಕದ್ದು. ಕಂಪೆನಿಯಲ್ಲಿ ಧೂಳಿಲ್ಲದ ಕೆಲಸ ಮ್ಯಾನೇಜರನದ್ದು ಒಂದೇ.

ಮೊದಲ ವರ್ಷ ತಿಳಿಯದೆ ದವಾಖಾನೆಗೆ ಹೋಗಿ ಹೆಸರು ಬರೆಸಿದವರು ಮೂವತ್ತೆಂಟು ಮಂದಿ. ವಾರ ಕಳೆಯುವುದರೊಳಗೆ ಲೈನಿನ ಗುಡಿಸಲು ಬಿಡಿಸಿ ಅವರನ್ನು ಊರಿನ ರೈಲು ಹತ್ತಿಸಿದರು. ಬರಬರುತ್ತ ಉಳಿದವರು ಬುದ್ಧಿ ಕಲಿತರು. ಯಾರಿಗಾದರೂ ಹೊಸದಾಗಿ ಎದೆ ಕೂಗತೊಡಗಿದರೆ ಅವರು ಬಾಯಿ ಬಿಡುತ್ತಿರಲಿಲ್ಲ, ಹಳೆಯ ಚೀಟಿಯವನೊಬ್ಬನನ್ನು ಹಿಡಿದು ಅವನ ಹೆಸರಿನಲ್ಲಿ ಮಾತ್ರೆ ತರಿಸಿಕೊಳ್ಳುತ್ತಿದ್ದರು. ಅಚ್ಯುತ ಪಾಪದವನು, ಇಲ್ಲ ಅನ್ನಲು ಬರುತ್ತಿರಲಿಲ್ಲ. ಅವನ ಇಪ್ಪತ್ತಮೂರನೇ ನಂಬರಿನ ಮೇಲೆ ಎಂಟು ಎದೆಗಳು ಉಸಿರಾಡುತ್ತಿದ್ದವು. ಎಪ್ಪತ್ತೊಂದರಿಂದ ಚಂದ್ರಾವತಿಯದ್ದೂ ಒಂದು. ಕಂಪೆನಿಯ ಕಣ್ಣಿಗೆ ಮಣ್ಣೆರಚಿದೆವೆಂದು ಲೈನಿನವರು ಒಳಗೊಳಗೇ ನಗುತ್ತಿದ್ದರು.

ಪಕ್ಕದ ಗುಡಿಸಲಿನ ಕೌಸಲ್ಯಾ ಮಾತ್ರೆ ಪಾಲು ಮಾಡುತ್ತ, ಸಿಗುವುದನ್ನು ನುಂಗಿ ಸುಮ್ಮನಿರಬಾರದಾ ಎಂದು ಬೈದಳು. ಚಂದ್ರಾವತಿಗೆ ಎಲ್ಲದರಲ್ಲೂ ಸಂಶಯ, ನೀರು ಕುಡಿಯುವಾಗಲೂ ಮೂಸಿ ನೋಡುತ್ತಾಳೆ ಎಂದು ಲೈನಿನಲ್ಲಿ ಮಾತಿತ್ತು. ಅದು ನಿಜವೇ. ಅವಳು ಸಂಶಯಪಡದ ಜಾಗ ಒಂದೇ ಇತ್ತು. ಹತ್ತೊಂಬತ್ತು ವರ್ಷದ ಮಗಳು ಶಾಂತಾ ಈ ಮಳೆಗಾಲದಲ್ಲಿ ಚೀಲ ಹೊಲಿಯುತ್ತ ಆಗಾಗ ಸೂಜಿ ನಿಲ್ಲಿಸಿ ಎದೆ ಒತ್ತಿಕೊಳ್ಳುತ್ತಿದ್ದಳು. ಅದು ಶೀತ ಎಂದು ಚಂದ್ರಾವತಿ ಹೇಳುತ್ತಿದ್ದಳು. ಯಾರೂ ಕೇಳದೆ ಇದ್ದಾಗಲೂ ಹೇಳುತ್ತಿದ್ದಳು.

ಮರುದಿನ ಉಪೇಂದ್ರ ಲೈನಿಗೆ ಬಂದ. ತಿರುವನಂತಪುರದಿಂದ ದೊಡ್ಡ ಆಫೀಸರು ಬರುವವರಿದ್ದಾರೆ, ದವಾಖಾನೆ ತೊಳೆಯಬೇಕು, ಕಕ್ಕಸು ಸಮೇತ ಎಂದ. ಇನ್ನೂರು ಮಂದಿಯಲ್ಲಿ ಅವನ ಬೆರಳು ಹುಡುಕಾಡದೆ ಚಂದ್ರಾವತಿಯನ್ನೇ ತೋರಿಸಿತು. ಇದೆಲ್ಲ ನಿಮ್ಮವರಿಗೆ ಕೈ ಪಳಗಿದ ಕೆಲಸ, ಅಂದ. ಅವಳು ಮಗಳನ್ನೂ ಕರೆದುಕೊಂಡು ಹೋದಳು.

ಎಂಟು ವರ್ಷದಲ್ಲಿ ಆ ಕೋಣೆಯ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಗೋಡೆಯ ಮೇಲೆ ಬಾಗಿಲಗಲದ ಬಿಳಿ ಕಾಗದ, ಅದರ ಮೇಲೆ ಸಾಲಾಗಿ ಹಸಿರು ಕಂಬಗಳು. ಓದು ಬಾರದಿದ್ದರೂ ಚೀಲಗಳ ಮೇಲೆ ಇಸವಿ ಒತ್ತಿ ಒತ್ತಿ ಅವಳಿಗೆ ಅಂಕಿ ಗೊತ್ತಿತ್ತು. ಅರವತ್ತೊಂಬತ್ತರ ಕಂಬ ಅವಳೆತ್ತರ. ಮುಂದಿನದು ಅವಳ ಹೆಗಲಿಗೆ ಬರುತ್ತಿರಲಿಲ್ಲ. ಹಾಗೆಯೇ ಮೊಟಕಾಗುತ್ತ ಬಂದು ಎಪ್ಪತ್ಮೂರರದ್ದು ಬರೀ ನಾಲ್ಕು ಬೆರಳಿನಷ್ಟಿತ್ತು. ಎಪ್ಪತ್ತನಾಲ್ಕರ ಮೇಲೆ ಕಂಬವೇ ಇಲ್ಲ, ದುಂಡಗೆ ಒಂದು ಸೊನ್ನೆ.

ಮೇಲಿನ ಬರಹ ಏನೆಂದು ಮಗಳನ್ನು ಕೇಳಿದಳು. ಶಾಂತಾ ಏಲೂರಿನ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು, ತಾಯಿಯ ಕನ್ನಡಕ್ಕೆ ಮಲಯಾಳದಲ್ಲೇ ಉತ್ತರ ಕೊಡುವವಳು. ಓದಿ ಹೇಳಿದಳು: ವರ್ಷಕ್ಕೆ ಎಷ್ಟು ಮಂದಿಗೆ ಹೊಸದಾಗಿ ಅಸ್ತಮಾ ಬಂತು ಎಂಬ ಲೆಕ್ಕ. ಅರವತ್ತೊಂದು, ಮೂವತ್ತೆಂಟು, ಇಪ್ಪತ್ತೆರಡು, ಹನ್ನೊಂದು, ನಾಲ್ಕು, ಸೊನ್ನೆ. ಮೇಜಿನ ಮೇಲೆ ನೀಲಿ ನಕ್ಷೆಯೊಂದು ಬಿಚ್ಚಿತ್ತು. ಅದನ್ನೂ ಓದಿದಳು. ಎರಡನೇ ಮಿಲ್ಲು ಎಂದಿತ್ತು. ಕಟ್ಟುವ ಜಾಗ ಲೈನಿನ ಗೋಡೆಯ ಆಚೆ ಬದಿ. ಗುಡಿಸಲುಗಳಿಗೂ ಅದಕ್ಕೂ ನಡುವೆ ಅದೊಂದೇ ಗೋಡೆ.

ಚಂದ್ರಾವತಿ ಚಿಂದಿ ಹಿಡಿದುಕೊಂಡು ನಿಂತೇ ಇದ್ದಳು. ಎಪ್ಪತ್ತೊಂದರ ಕಂಬದಲ್ಲಿ ಅವಳಿರಲಿಲ್ಲ. ಎಪ್ಪತ್ತೆರಡರಲ್ಲಿ ಇರಬೇಕಾಗಿದ್ದ, ಚೀಲ ಹೊರುವ ಜನಾರ್ದನ ಇರಲಿಲ್ಲ, ಎಪ್ಪತ್ಮೂರರಲ್ಲಿ ಕೌಸಲ್ಯಾ ಇರಲಿಲ್ಲ. ಎಲ್ಲರೂ ಸತ್ತ ಅಚ್ಯುತನ ಚೀಟಿಯೊಳಗೆ ಅಡಗಿ ಕೂತಿದ್ದರು. ದಾಮೋದರನ ಹನ್ನೆರಡು ಮಾತ್ರೆಯ ಅರ್ಥ ಅವಳಿಗೆ ಈಗ ಹೊಳೆಯಿತು. ಅಚ್ಯುತ ಸಾಯುವುದು ಕಂಪೆನಿಗೆ ಬೇಡವಾಗಿತ್ತು. ಅವನ ಚೀಟಿ ಹೋದರೆ ಎಂಟು ಮಂದಿ ಹೊಸಬರು ಕಿಟಕಿಗೆ ಬಂದು ನಿಲ್ಲುತ್ತಾರೆ, ಸೊನ್ನೆ ಕೆಡುತ್ತದೆ. ಈ ಕಂಬಗಳನ್ನು ಕಡಿದು ಕಡಿದು ಗಿಡ್ಡ ಮಾಡಿಕೊಟ್ಟವರು ತಾವೇ ಎಂದು ತಿಳಿದಾಗ ಅವಳಿಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು.

ಮೂಲೆಯಲ್ಲಿ ನೆಲ ಉಜ್ಜುತ್ತಿದ್ದ ಶಾಂತಾಳ ಎದೆ ಸುಂಯ್ ಎಂದು ಕೂಗಿತು. ಫಿನಾಯಿಲಿನ ವಾಸನೆಗೆ ಹಾಗಾಗುತ್ತದೆ ಎಂದಳು ಚಂದ್ರಾವತಿ.

ಸಂಜೆ ನಲ್ಲಿಯ ಹತ್ತಿರ ಎಲ್ಲರೂ ಸೇರಿದಾಗ ಕಂಡದ್ದನ್ನು ಹೇಳಿ, ಅಡಗಿದ್ದವರೆಲ್ಲ ಆಫೀಸರ ಮುಂದೆ ಹೆಸರು ಬರೆಸೋಣ ಎಂದಳು. ಮೊದಲು ಯಾರೂ ನಂಬಲಿಲ್ಲ. ಆಮೇಲೆ ನಂಬಿದರು, ನಂಬಿ ಅವಳ ಮೇಲೆಯೇ ತಿರುಗಿ ಬಿದ್ದರು. ಹೆಸರು ಬರೆಸಿದರೆ ಗುಡಿಸಲು ಯಾರು ಕೊಡುತ್ತಾರೆ, ಊರಿಗೆ ಹೋಗಿ ಯಾರ ಅಂಗಳ ಗುಡಿಸುವುದು ಎಂದು ಕೌಸಲ್ಯಾ ಕೇಳಿದಳು. ಮಿಲ್ಲು ಬಂದರೆ ಮಲಗಿದಲ್ಲಿಗೇ ಧೂಳು ಬರುತ್ತದೆ, ತೊಟ್ಟಿಲಿನ ಮಕ್ಕಳಿಗೂ ಬರುತ್ತದೆ ಎಂದಳು ಚಂದ್ರಾವತಿ. ಜನಾರ್ದನ ಬೀಡಿಯನ್ನು ನೆಲಕ್ಕೆ ಒತ್ತಿ ಎದ್ದ.

"ದೊಡ್ಡ ಮಾತು ಆಡ್ಬೇಡ ಮಾರಾಯ್ತಿ. ನಿನ್ನ ಮಗಳಿಗೆ ದಮ್ಮು ಶುರುವಾಗಿ ಎರಡು ತಿಂಗಳಾಯ್ತು. ಲೈನಿನ ನಾಯಿಗೂ ಗೊತ್ತುಂಟು. ನೀನು ಅವಳ ಹೆಸರು ಬರೆಸ್ತೀಯಾ?"

"ಅದು ಶೀತ," ಅಂದಳು.

"ಹೌದು, ನಮಗೂ ಎಲ್ಲ ಶೀತವೇ."

ಅಲ್ಲಿಗೆ ಸಭೆ ಮುಗಿಯಿತು. ಯಾರೂ ಬೈದುಕೊಳ್ಳದೆ ಕೊಡ ಎತ್ತಿಕೊಂಡು ಹೋದರು, ಅವಳಿಗೆ ಅದೇ ಹೆಚ್ಚು ಚುಚ್ಚಿತು.

ಆಫೀಸರು ಬಂದ ದಿನ ಬೆಳಿಗ್ಗೆ ಉಪೇಂದ್ರ ಸಾಹೇಬರಿಗೆ ತೋರಿಸಲೆಂದು ಹತ್ತು ಮಂದಿಯನ್ನು ಆರಿಸಿದ. ನೋಡಲು ಗಟ್ಟಿಮುಟ್ಟಾದವರು, ಹಳೆಯ ಚೀಟಿ ಇಲ್ಲದವರು. ಚಂದ್ರಾವತಿ, ಕೌಸಲ್ಯಾ, ಜನಾರ್ದನ ಮೂವರೂ ಅದರಲ್ಲಿದ್ದರು. ಹೊರಡುವ ಮುಂಚೆ ದಾಮೋದರ ಬಂದು, ಯಾವ ಚೀಟಿಯನ್ನೂ ಕೇಳದೆ, ಹತ್ತೂ ಮಂದಿಯ ಅಂಗೈಗೆ ಎರಡೆರಡು ಮಾತ್ರೆ ಉದುರಿಸಿದ. ನುಂಗುವವರೆಗೆ ಎದುರೇ ನಿಂತ. ಅವನಿಗೆ ಒಬ್ಬೊಬ್ಬರ ಎದೆಯೂ ಗೊತ್ತಿತ್ತು. ಚಂದ್ರಾವತಿಗೆ ಉಸಿರು ಸಲೀಸಾಯಿತು. ಮದುವೆಗೆ ಹೊರಟವರಂತೆ ತಲೆ ಬಾಚಿಕೊಂಡು ಹತ್ತೂ ಮಂದಿ ದವಾಖಾನೆಯೊಳಗೆ ಸಾಲಾಗಿ ನಿಂತರು. ಶಾಂತಾ ಬಕೆಟು ಹಿಡಿದು ಬಾಗಿಲಲ್ಲಿದ್ದಳು.

ಆಫೀಸರ ಹೆಸರು ಯಜ್ಞನಾರಾಯಣ. ಮೈಸೂರು ಕಡೆಯವರು, ತಿರುವನಂತಪುರದಲ್ಲಿ ಕೇಂದ್ರ ಸರಕಾರದ ಕೆಲಸ, ಕಾರ್ಖಾನೆಗಳ ಕಾಯಿಲೆ ಲೆಕ್ಕ ಹಾಕುವುದು. ಕೆಲಸದವರು ಕನ್ನಡದವರೆಂದು ತಿಳಿದು ಅವರ ಮುಖ ಅರಳಿತು. ಕನ್ನಡ ಕಿವಿಗೆ ಬಿದ್ದು ಎಷ್ಟು ದಿನವಾಯಿತು, ನನ್ನ ಮಕ್ಕಳು ಮನೆಯಲ್ಲಿ ಮಲಯಾಳವನ್ನೇ ಆಡುತ್ತವೆ ಎಂದರು. ಒಳ್ಳೆಯ ಮನುಷ್ಯನೇ ಇರಬೇಕು. ಆ ಒಳ್ಳೆಯತನದ ಮೇಲೆಯೇ ಚಂದ್ರಾವತಿಗೆ ಸಂಶಯ ಬಂತು. ಆಮೇಲೆ ಅವರು ಗೋಡೆಯ ಕಾಗದದ ಮುಂದೆ ಕೈಕಟ್ಟಿ ನಿಂತು, ಐದು ವರ್ಷದಲ್ಲಿ ಅರವತ್ತೊಂದರಿಂದ ಸೊನ್ನೆ, ಇಂಥ ಇಳಿಕೆಯನ್ನು ತಾನು ಎಲ್ಲೂ ನೋಡಿಲ್ಲ ಎಂದು ಉಪೇಂದ್ರನ ಬೆನ್ನು ತಟ್ಟಿದರು. ಹೀಗಿದ್ದ ಮೇಲೆ ಎರಡನೇ ಮಿಲ್ಲಿಗೆ ತಮ್ಮ ಕಡೆಯಿಂದ ತಕರಾರು ಇರಲಾರದು ಎಂದರು.

"ಏನಮ್ಮ, ನಿಮಗೇನಾದ್ರೂ ತೊಂದರೆ ಇದೆಯಾ?" ಅಂತ ಸಾಲಿನ ಮೊದಲಿಗೆ ನಿಂತ ಚಂದ್ರಾವತಿಯನ್ನು ಕೇಳಿದರು. ಇಲ್ಲ ಎಂಬ ಉತ್ತರಕ್ಕೆ ಮೊದಲೇ ತಲೆಯಾಡಿಸಿಯೂ ಆಗಿತ್ತು.

ಅವಳು ಇಪ್ಪತ್ತಮೂರನೇ ನಂಬರಿನ ಚೀಟಿಯನ್ನು ಸೊಂಟದಿಂದ ತೆಗೆದು ಮೇಜಿನ ಮೇಲಿಟ್ಟಳು.

"ಇವನು ಸತ್ತು ಹನ್ನೆರಡು ದಿನ ಆಯ್ತು ಸಾರ್. ಮೊನ್ನೆ ಹನ್ನೆರಡು ಮಾತ್ರೆ ನುಂಗಿದ್ದಾನೆ. ಈ ದಾಮೋದರನೇ ಕೊಟ್ಟದ್ದು, ಸುಡುವಾಗ ಅಲ್ಲೇ ನಿಂತಿದ್ದ. ನುಂಗಿದವರು ನಾವು. ನನಗೆ ಎಪ್ಪತ್ತೊಂದರಿಂದ ದಮ್ಮು ಉಂಟು. ಬರೆದುಕೊಳ್ಳಿ."

ಉಪೇಂದ್ರ ಮುಂದೆ ಬಂದ. "ಸೂಳೆಮುಂಡೆ, ಬಾಯಿ ಮುಚ್ಚು. ಇವಳಿಗೆ ತಲೆ ಸರಿ ಇಲ್ಲ ಸಾರ್, ಗಂಡ ಸತ್ತ ಮೇಲೆ ಹೀಗೆ."

ಯಜ್ಞನಾರಾಯಣ ಕೈಯೆತ್ತಿ ಅವನನ್ನು ಸುಮ್ಮನಿರಿಸಿದರು. ನಿಜವಾಗಿಯೂ ಗೊಂದಲಕ್ಕೆ ಬಿದ್ದ ಮುಖ ಅವರದ್ದು. ಚೀಟಿಯನ್ನು ತಿರುಗಿಸಿ ನೋಡಿ, ಮೃದುವಾಗಿಯೇ ಹೇಳಿದರು:

"ನೋಡಮ್ಮ, ಹೊಸ ಕೇಸು ಅಂದ್ರೆ ಈ ವರ್ಷ ಶುರುವಾಗಿರಬೇಕು. ನಿಮ್ಮದು ಎಪ್ಪತ್ತೊಂದರಲ್ಲೇ ಶುರುವಾಯ್ತು ಅಂತೀರಿ, ಹಾಗಾಗಿ ಹೊಸದಲ್ಲ. ಆಗ ನೀವು ಬರೆಸಿಲ್ಲ, ಹಾಗಾಗಿ ಹಳೇದೂ ಅಲ್ಲ. ನಾನು ನಿಮ್ಮನ್ನ ಎಲ್ಲಿಗೆ ಅಂತ ಸೇರಿಸಲಿ?"

"ಹಾಗಾದ್ರೆ ನನ್ನ ಎದೆಯಲ್ಲಿ ಕೂಗುವುದು ಯಾರದ್ದು ಸಾರ್?"

ಚಂದ್ರಾವತಿ ಉತ್ತರಕ್ಕೆ ಕಾಯಲಿಲ್ಲ. ಮೇಜಿನ ಮೇಲಿದ್ದ ನೇರಳೆ ಶಾಯಿಯ ಪ್ಯಾಡಿಗೆ ಹೆಬ್ಬೆರಳು ಒತ್ತಿ, ಗೋಡೆಗೆ ಹೋಗಿ, ಎಪ್ಪತ್ತೊಂದರ ಹಸಿರು ಕಂಬದ ತಲೆಯ ಮೇಲೆ ಬಲವಾಗಿ ಊರಿದಳು.

"ಇದು ನಾನು," ಅಂದಳು.

ದಾಮೋದರ ಪ್ಯಾಡನ್ನು ಎತ್ತಿಕೊಳ್ಳಲು ಕೈ ಹಾಕಿದ. ಅಷ್ಟರಲ್ಲಿ ಜನಾರ್ದನನ ಹೆಬ್ಬೆರಳು ಅದರ ಮೇಲಿತ್ತು. ತಾಗೀತೆಂದು ದಾಮೋದರ ಕೈ ಹಿಂದಕ್ಕೆಳೆದುಕೊಂಡ. ಜನಾರ್ದನ ಯಾರ ಮುಖವನ್ನೂ ನೋಡದೆ ಎಪ್ಪತ್ತೆರಡರ ಮೇಲೆ ಒತ್ತಿ ಬಂದ. ಕೌಸಲ್ಯಾ ಗೊಣಗುತ್ತ, ಚಂದ್ರಾವತಿಯನ್ನು ಬೈಯುತ್ತ ಹೋಗಿ ಎಪ್ಪತ್ಮೂರು ಎಲ್ಲೆಂದು ಕೇಳಿ ಒತ್ತಿದಳು. ಹತ್ತು ಮಂದಿಯೂ ಒತ್ತಿದರು. ಲೈನಿನಲ್ಲಿದ್ದವರ ಪಾಲಿನದನ್ನೂ ಒತ್ತಿದರು, ಒಬ್ಬೊಬ್ಬರ ಹೆಸರು ಹೇಳಿ. ಮೊಟಕು ಕಂಬಗಳು ನೇರಳೆಯಾಗಿ ಎದ್ದು, ಅರವತ್ತೊಂಬತ್ತರದ್ದನ್ನು ದಾಟಿ, ಕಾಗದ ಮುಗಿದ ಮೇಲೆ ಸುಣ್ಣದ ಗೋಡೆಯ ಮೇಲೂ ಹೋದವು. ಉಪೇಂದ್ರ ಜೇಬಿನಿಂದ ಪುಸ್ತಕ ತೆಗೆದು ಹತ್ತೂ ಹೆಸರು ಬರೆದುಕೊಂಡ.

ಯಜ್ಞನಾರಾಯಣರಿಗೆ ಬೆವರು ಬಂತು. ಕಳೆದ ವರ್ಷಗಳ ಲೆಕ್ಕ ಸರಕಾರಕ್ಕೆ ಹೋಗಿ ಅಚ್ಚಾಗಿದೆ, ಅದನ್ನು ತಾನು ಮುಟ್ಟುವ ಹಾಗಿಲ್ಲ ಎಂದರು. ಕಾನೂನಿನ ಪ್ರಕಾರ ಇವತ್ತು ಬರೆಯಬಹುದಾದದ್ದು ಈ ವರ್ಷದ್ದು ಮಾತ್ರ. ಒಂದೇ ಒಂದು ಹೊಸ ಕೇಸು ಇದ್ದರೂ ಸಾಕು, ಮಿಲ್ಲಿನ ಕಡತ ತಡೆಹಿಡಿದು ವಿಚಾರಣೆ ಮಾಡಿಸಲೇಬೇಕಾಗುತ್ತದೆ.

"ಈ ವರ್ಷ ಶುರುವಾದವರು ಯಾರಾದ್ರೂ ಇದ್ದೀರಾ?"

ಉಳಿದ ಒಂಬತ್ತು ಮಂದಿಯೂ ನೆಲ ನೋಡಿದರು. ಜನಾರ್ದನ ಕೂಡ. ನಲ್ಲಿಯ ಹತ್ತಿರ ಅಷ್ಟು ಹಂಗಿಸಿದವನು ಈಗ ತನ್ನ ಕಾಲಿನ ಉಗುರನ್ನೇ ಪರೀಕ್ಷೆ ಮಾಡುತ್ತಿದ್ದ. ಬಾಗಿಲ ಕಡೆ ಅಪ್ಪಿತಪ್ಪಿಯೂ ಯಾರ ಕಣ್ಣೂ ಹೋಗಲಿಲ್ಲ. ಚಂದ್ರಾವತಿಯ ಮಗಳನ್ನು ಅವರು ಅವಳಿಗೇ ಬಿಟ್ಟುಕೊಟ್ಟಿದ್ದರು.

ಚಂದ್ರಾವತಿಗೆ ಹೆದರಿಕೆಯಾಯಿತು. ತನ್ನ ಹೆಸರು ಹೋದರೂ ಶಾಂತಾಳ ಸೂಜಿ ಇದೆ, ಹೇಗೋ ಗಂಜಿಗೆ ಆದೀತು ಎಂದು ಒಳಗೊಳಗೇ ಲೆಕ್ಕ ಹಾಕಿಕೊಂಡೇ ಅವಳು ಹೆಬ್ಬೆರಳು ಊರಿದ್ದು. ಈಗ ಅದೂ ಹೋಗುತ್ತದೆ. ಮೋಹನನನ್ನು ಹೊತ್ತುಕೊಂಡು ಹೋದ ಕಾಯಿಲೆಯ ಹೆಸರನ್ನು ಮಗಳ ಹೆಸರಿನ ಪಕ್ಕ ಇಡಲು ಅವಳಿಗೆ ನಾಲಿಗೆ ಏಳಲಿಲ್ಲ. ಊರೆಲ್ಲವನ್ನೂ ಸಂಶಯದಿಂದ ನೋಡಿದ ತಾನು ಎರಡು ತಿಂಗಳಿಂದ ಮನೆಯೊಳಗೇ ಸುಳ್ಳು ಹೇಳಿಕೊಂಡು ಕೂತಿದ್ದೆ ಎಂದುಕೊಂಡಳು. ತನ್ನ ಮನೆಯ ಸೊನ್ನೆಯನ್ನು ಅವಳೂ ಕಾಯ್ದುಕೊಂಡು ಬಂದಿದ್ದಳು.

"ಶಾಂತಾ, ಬಾ ಇಲ್ಲಿ."

ಶಾಂತಾ ಬಕೆಟು ಇಟ್ಟು ಬಂದಳು. ಪ್ಯಾಡಿಗೆ ಹೆಬ್ಬೆರಳು ಒತ್ತಲಿಲ್ಲ. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಗೋಡೆಗೆ ಹೋಗಿ, ಎಪ್ಪತ್ತನಾಲ್ಕರ ಸೊನ್ನೆಯ ಮೇಲೆ ಮಲಯಾಳದ ಅಕ್ಷರದಲ್ಲಿ ತನ್ನ ಹೆಸರು ಬರೆದಳು.

"ಈ ಮಳೆಗಾಲದಲ್ಲಿ ಶುರುವಾದದ್ದು," ಅಂದಳು ಚಂದ್ರಾವತಿ. "ಶೀತ ಅಲ್ಲ. ದಮ್ಮು."

ಸೂರ್ಯ ಮುಳುಗುವುದರೊಳಗೆ ಗುಡಿಸಲು ಖಾಲಿಯಾಗಬೇಕು ಎಂದು ಉಪೇಂದ್ರ ಕೂಗಿದ. ಯಜ್ಞನಾರಾಯಣ ತಮ್ಮ ಕಾಗದಗಳನ್ನು ಚೀಲಕ್ಕೆ ತುಂಬತೊಡಗಿದರು. ಡಾಕ್ಟರ ಸರ್ಟಿಫಿಕೇಟು ಬೇಕು, ಡಾಕ್ಟರು ರಜೆಯಲ್ಲಿದ್ದಾರಂತೆ, ತಿರುವನಂತಪುರಕ್ಕೆ ಹೋಗಿ ಕಾಗದ ಬರೆಯುತ್ತೇನೆ ಎಂದರು. ಹೋದ ಮೇಲೆ ಬರೆಯುವ ಕಾಗದ ಎಂಥದ್ದೆಂದು ಚಂದ್ರಾವತಿಗೆ ಗೊತ್ತಿತ್ತು. ಅವಳು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅವಳ ಪಕ್ಕದಲ್ಲಿ ಜನಾರ್ದನ ನಿಂತ, ಆಮೇಲೆ ಕೌಸಲ್ಯಾ, ಆಮೇಲೆ ಉಳಿದವರು. ಹೊರಗೆ ಕಾರಿನ ಡ್ರೈವರು ಎರಡು ಸಲ ಹಾರ್ನು ಒತ್ತಿ ಸುಮ್ಮನಾದ.

ಮಧ್ಯಾಹ್ನವಾಗುತ್ತ ಬಂತು. ಬೆಳಗಿನ ಮಾತ್ರೆಗಳ ಬಲ ಇಳಿಯತೊಡಗಿತು. ಮೊದಲು ಕೌಸಲ್ಯಾಳ ಎದೆ ಸಣ್ಣಗೆ ಕೂಗಿತು, ಆಮೇಲೆ ಜನಾರ್ದನನದ್ದು, ಆಮೇಲೆ ಯಾರದ್ದು ಯಾವುದೆಂದು ಹೇಳಲಾಗದ ಹಾಗೆ ಕೋಣೆಯೆಲ್ಲ ಸೀಟಿ ಹೊಡೆಯಿತು. ಶಾಂತಾ ಗೋಡೆಗೆ ಕೈಯೂರಿ ಬಗ್ಗಿದಳು. ಯಜ್ಞನಾರಾಯಣ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ಅಂಚಿನಲ್ಲಿ ಕೂತಿದ್ದರು, ಒಬ್ಬರಿಂದ ಒಬ್ಬರಿಗೆ ಕಣ್ಣು ಹಾಯಿಸುತ್ತಿದ್ದರು.

"ಎಣಿಸಿ ಸಾರ್," ಅಂದಳು ಚಂದ್ರಾವತಿ, ಎರಡು ಮಾತಿನ ನಡುವೆ ಉಸಿರು ಎಳೆದುಕೊಂಡು. "ನಮಗೆ ಅವಸರ ಇಲ್ಲ."